ಮೊದಲನೇ ಸಾಲಿನ ಬೀಜ

“ಪಾಪ, ಏನೂ ತಿಳೀದ ಮನಷ್ಯಾ. ಇಲಿಗೆ ಹಾಕಿಧಂಗ ಹೊಸಾ ಗುಳಿಗಿ ಹಾಕಿ ಕೊಂದರು.” ನನ್ನ ಅಣ್ಣನ ಸಾವಿನ ಕುರಿತು ರಾಣೆಬೆನ್ನೂರಿನಲ್ಲಿ ಹೀಗೆ ಹೇಳುವವರು ಇಂದಿಗೂ ಇದ್ದಾರೆ. ಅವನು ಆ ಗುಳಿಗೆಗೆ ಒಪ್ಪಿದ ದಿನ ಅವರಲ್ಲಿ ಯಾರೂ ಆಸ್ಪತ್ರೆಯಲ್ಲಿರಲಿಲ್ಲ. ನಾನಿದ್ದೆ.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಣ್ಣನ ಹೊಟ್ಟೆಯ ಕ್ಯಾನ್ಸರ್ ಯಕೃತ್ತಿಗೂ ಹರಡಿ, ಇದ್ದ ಔಷಧಗಳೆಲ್ಲ ಸೋತಿದ್ದವು. ಮನೆಯವರು ಅವನಿಗೆ ಹೇಳಿದ್ದು ಮಾತ್ರ ಹುಣ್ಣು ಎಂದು. ನಮ್ಮ ಕಡೆ ಅದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ. ಕಾಯಿಲೆಯವರಿಗೆ ತೋರುವ ಕರುಣೆಯೆಂದೇ ನಡೆದುಬಂದಿದೆ.

ಬೆಂಗಳೂರಿನ ವೈದ್ಯರೊಬ್ಬರು ಹೊಸ ಗುಳಿಗೆಯೊಂದರ ಪರೀಕ್ಷೆಯ ವಿಷಯ ತೆಗೆದರು. ಆದರೆ ರೋಗಿಗೆ ಎಲ್ಲವನ್ನೂ ತಿಳಿಸದೆ ಅದನ್ನು ಕೊಡುವಂತಿಲ್ಲ ಎಂದರು. ವೈನಿ, ಅಂದರೆ ಅಣ್ಣನ ಹೆಂಡತಿ, ಕೈಮುಗಿದರು.

“ರೋಗದ ಹೆಸರು ಹೇಳಬ್ಯಾಡ್ರಿ, ಸಾಹೇಬ್ರ. ಧೈರ್ಯಾ ಕಳಕೋತಾರ.”

ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಿಂದ ಅಣ್ಣನ ದನಿ ಬಂತು: “ನನಗ ಗೊತ್ತೈತಿ ಬಿಡ. ಹುಣ್ಣಿಗೆ ಬೀಗರು-ಬಿಜ್ಜರೆಲ್ಲಾ ಹಣ್ಣ ಹಿಡಕೊಂಡು ಬಂದು ಅಳತಾರೇನು?”

ವೈದ್ಯರು ಅವನನ್ನು ಒಳಗೆ ಕೂರಿಸಿಕೊಂಡರು.

“ಈ ಗುಳಿಗಿ ತಗೊಂಡ್ರ ಆರಾಮ ಆಗತೈತೇನ್ರಿ?” ಎಂದು ಕೇಳಿದ.

“ಹೇಳೋಕಾಗಲ್ಲ. ಮೈ ಇದನ್ನ ಎಷ್ಟು ತಡ್ಕೊಳ್ಳುತ್ತೆ ಅಂತ ಮೊದಲು ನೋಡ್ಬೇಕು. ನಿಮಗೆ ಉಪಯೋಗ ಆಗದೇನೂ ಇರಬಹುದು. ಬೇಡ ಅನ್ನಿಸಿದ ದಿನ ಬಿಡಬಹುದು.”

ಅಣ್ಣ ತನ್ನ ಹೊಲದ ಒಂದು ಮೂಲೆಯನ್ನು ಬೀಜದ ಕಂಪನಿಗಳ ಪರೀಕ್ಷೆಗೆ ಬಿಟ್ಟುಕೊಡುತ್ತಿದ್ದವನು. ವೈನಿಯ ಕಡೆ ತಿರುಗಿ, “ಹೊಸಾ ಬೀಜದ ಮೊದಲನೇ ಸಾಲು ಇದ್ದಂಗ ಇದು. ಅದರ ಬೆಳಿ ನಮ್ಮನಿಗೆ ಬರೂದಿಲ್ಲ. ಆದ್ರೂ ಯಾರರ ಬಿತ್ತಬೇಕಲ್ಲ,” ಎಂದ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವನು ಸಹಿ ಹಾಕಿದ.

ಗುಳಿಗೆಯಿಂದ ಭೇದಿ ಹತ್ತಿತು, ಅಂಗಾಲಿನ ತೊಗಲು ಸುಲಿಯಿತು. “ಬಿಟ್ಟಬಿಡೂಣು, ಅಣ್ಣಾ,” ಎಂದೆ. “ನುಂಗಾಕತ್ತಾಂವ ನಾನೋ ನೀನೋ?” ಎಂದು ನನ್ನ ಬಾಯಿ ಮುಚ್ಚಿಸಿದ. ಗಡ್ಡೆ ಬೆಳೆಯುತ್ತಲೇ ಇರುವುದು ಕಂಡ ಮೇಲೆ ವೈದ್ಯರೇ ನಿಲ್ಲಿಸಿದರು. ಮಳೆಗಾಲ ಮುಗಿಯುವ ಮೊದಲೇ ಅವನು ಮನೆಯಲ್ಲಿ ತೀರಿಕೊಂಡ.

ಗುಳಿಗೆ ಅವನ ಆಯುಷ್ಯವನ್ನು ಮೊಟಕುಗೊಳಿಸಿತೋ ಇಲ್ಲವೋ ನಾನರಿಯೆ; ಆಮೇಲೆ ನಾನಾಗಿಯೇ ಹುಡುಕಿ ಓದಿದ ಪುಸ್ತಕಗಳಿಂದಲೂ ಅದು ಬಗೆಹರಿಯಲಿಲ್ಲ. ಏನೂ ತಿಳಿಯದೆ ಸತ್ತ ಎಂಬುದನ್ನು ಮಾತ್ರ ಒಪ್ಪಲಾರೆ. ಅವನು ಕೊನೆಯದಾಗಿ ಸ್ವಂತ ಬುದ್ಧಿಯಿಂದ ಮಾಡಿದ ತೀರ್ಮಾನವನ್ನು ಆ ಮಾತು ಅವನಿಂದ ಕಿತ್ತುಕೊಳ್ಳುತ್ತದೆ.

ನನ್ನನ್ನು ನಂಬಬೇಕಾಗಿಲ್ಲ. ವೈನಿ ಬ್ಯಾಡಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂದವಾಗಿದ್ದರೂ ನೆನಪು ನೆಟ್ಟಗಿದೆ. ಅಣ್ಣ ಆ ದಿನ ಏನೆಂದನೆಂದು ಯಾರು ಬೇಕಾದರೂ ಹೋಗಿ ಅವರನ್ನು ಕೇಳಬಹುದು.