ಹಲ್ಲಕ್ಕನ ಕೊಂಕು

ಹಲ್ಲಕ್ಕನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂಬುದನ್ನು ಅವಳು ತೀರಿಕೊಂಡ ಮೇಲೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬದುಕಿದ್ದಾಗ ಅವಳೇ ಅದನ್ನು ಮುಚ್ಚಿಟ್ಟವಳಲ್ಲ. ಎದುರುಮನೆಯವರು ಹೊಸ ಪರದೆ ಹಾಕಿದರೆ ಆ ದಿನವೆಲ್ಲ ತನ್ನ ಮನೆಯ ಕಿಟಕಿಯನ್ನು ಬೈಯುತ್ತಿದ್ದಳು. ಗಂಡ ಬೇರೆ ಯಾರದೋ ಕೈರುಚಿ ಹೊಗಳಿದರೆ, "ಹಾಗಾದ್ರೆ ಅಲ್ಲೇ ಹೋಗಿ ಊಟ ಮಾಡಿ, ನನಗೂ ಪಾತ್ರೆ ತೊಳೆಯೋದು ಉಳಿಯುತ್ತೆ" ಎನ್ನುತ್ತಿದ್ದಳು. ಹೋದ ತಿಂಗಳು ಒಂದು ಮಧ್ಯಾಹ್ನ, ಕೆಲಸದ ಮೇಜಿನ ಮುಂದೆ ಕೂತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಮೇಣದ ಚಾಕು ಇನ್ನೂ ಕೈಯಲ್ಲೇ ಇತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದುಹೋಗಿತ್ತು. ಅವಳ ವಿಷಯ ಹೇಳಬೇಕಾದರೆ ಆ ಹೊಟ್ಟೆಕಿಚ್ಚಿನಿಂದಲೇ ಶುರುಮಾಡಬೇಕು. ಅದನ್ನು ತೆಗೆದಿಟ್ಟರೆ ಉಳಿಯುವವಳು ಬೇರೆ ಯಾರೋ ಆಗಿಬಿಡುತ್ತಾಳೆ.

ಅವಳ ಕಸುಬು ಹಲ್ಲು ಕಟ್ಟುವುದು. ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಮೇಲಿನ ಮಹಡಿಯಲ್ಲಿ ಲ್ಯಾಬು. ಲ್ಯಾಬು ಎಂದರೆ ಉದ್ದನೆಯದೊಂದು ಮೇಜು, ಮೂಲೆಯಲ್ಲಿ ಪ್ಲಾಸ್ಟರ್ ಪುಡಿಯ ಡಬ್ಬ, ಅದರ ಪಕ್ಕ ಪ್ಲಾಸ್ಟರ್ ಕಲಸುವವಳೊಬ್ಬಳು, ಕಿಟಕಿಯ ಪಕ್ಕ ಸ್ಪಿರಿಟ್ ದೀಪ, ಗೋಡೆಯುದ್ದಕ್ಕೂ ಊರವರ ದವಡೆಗಳ ಅಚ್ಚುಗಳು. ಮೆಟ್ಟಿಲು ಹತ್ತಿ ಬಂದವರು ಮೊದಲು ಬೆಚ್ಚುತ್ತಿದ್ದರು, ಆಮೇಲೆ ಅದರಲ್ಲಿ ತಮ್ಮದು ಯಾವುದು ಎಂದು ಹುಡುಕುತ್ತಿದ್ದರು. ಹಲ್ಲಕ್ಕ ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಎಲ್ಲ ಮುಗಿದ ಮೇಲೆ ಮುಂದಿನ ಸಾಲಿನ ಒಂದು ಹಲ್ಲನ್ನು ಚಾಕುವಿನ ತುದಿಯಿಂದ ಇಷ್ಟೇ ಇಷ್ಟು ತಿರುಗಿಸುತ್ತಿದ್ದಳು. ಅದಕ್ಕೆ ಅವಳಿಟ್ಟ ಹೆಸರು ಕೊಂಕು.

"ಎಲ್ಲಾನೂ ನೆಟ್ಟಗೆ ನಿಲ್ಲಿಸಿದ್ರೆ ಅದು ಹಲ್ಲಲ್ಲ, ಕಾಂಪೌಂಡ್ ಗೋಡೆ" ಎನ್ನುತ್ತಿದ್ದಳು.

ಅವಳು ಮಾಡಿದ ಸೆಟ್ಟು ಹಾಕಿಕೊಂಡವರು ಸೆಟ್ಟು ಹಾಕಿಕೊಂಡವರಂತೆ ಕಾಣುತ್ತಿರಲಿಲ್ಲ. ಯಾರಿಗೆ ಯಾವ ಹಲ್ಲು ಕೊಂಕಬೇಕು, ಎಷ್ಟು ಕೊಂಕಬೇಕು ಎಂಬುದು ಅವಳೊಬ್ಬಳಿಗೇ ಗೊತ್ತು. ಕೇಳಿದರೆ "ಕೈಗೆ ಗೊತ್ತಾಗುತ್ತೆ ಬಿಡು" ಎಂದು ಮಾತು ಮುಗಿಸುತ್ತಿದ್ದಳು.

ಮಾತಿನಲ್ಲೂ ಕೊಂಕೇ. ಸೆಟ್ಟಿನ ಅಳತೆ ನೋಡಿಸಲು ಬಂದವರನ್ನು ಅವಳು ಸುಮ್ಮನೆ ಬಿಟ್ಟದ್ದೇ ಇಲ್ಲ. ಬೋಳುತಲೆಯವರು ಬಂದರೆ, "ಯಜಮಾನ್ರೇ, ತಲೆಗೂ ಒಂದು ಸೆಟ್ ಮಾಡ್ಕೊಡ್ಲಾ?" ಬಾಯಿ ಬಿಡಲು ನಾಚುವ ಹೆಂಗಸು ಬಂದರೆ, "ಮನೇಲೂ ಹೀಗೇ ಬಾಯಿ ಮುಚ್ಕೊಂಡಿರ್ತೀರಾ? ಹಾಗಿದ್ರೆ ಹಲ್ಲು ಯಾಕೆ, ದುಡ್ಡು ದಂಡ!" ಕೆಳಗಿನಿಂದ ಡಾಕ್ಟರು ಕೇಳಿಸಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದರು. ಬಂದವರು ಮಾತ್ರ ಬಿದ್ದು ಬಿದ್ದು ನಗುತ್ತಿದ್ದರು.

ಇಂಥ ಲ್ಯಾಬಿಗೆ ಚಿಕ್ಕವಳು ಬಂದು ಸೇರಿದಳು. ಚಿಕ್ಕವಳು ಎಂದರೆ ಹಲ್ಲಕ್ಕನ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಅಡುಗೆಮನೆ, ಈಗ ಒಂದೇ ಮೇಜು. ಅವಳನ್ನು ಕರೆದುಕೊಂಡು ಬಂದವಳೂ, ಮೇಣ ಕಾಯಿಸುವುದರಿಂದ ಹಿಡಿದು ಎಲ್ಲ ಕಲಿಸಿದವಳೂ ಹಲ್ಲಕ್ಕನೇ. ಕಲಿಸಿದ್ದು ಬೇಗ ಹತ್ತಿತು. ಬೇಗ ಹತ್ತಿದ್ದೇ ಹಲ್ಲಕ್ಕನಿಗೆ ಮೊದಲನೆಯ ಉರಿ. "ಚಿಕ್ಕವಳ ಪಾಲಿಶ್ ಕನ್ನಡಿ ಥರ ಇದೆಯಲ್ಲಮ್ಮಾ" ಎಂದು ಡಾಕ್ಟರು ಒಮ್ಮೆ ಅಂದುಬಿಟ್ಟರು. "ಹೌದು ಡಾಕ್ಟ್ರೇ, ನಾನು ಮಾಡಿದ್ದನ್ನ ಉಜ್ಜೋದು ತಾನೇ, ಹೊಳೆಯುತ್ತೆ" ಎಂದಳು ಹಲ್ಲಕ್ಕ.

ಹೊರದೇಶದಲ್ಲಿ ಹಲ್ಲು ಕಟ್ಟುವವರು ಬೇಕಾಗಿದ್ದಾರೆ ಎಂಬ ಸುದ್ದಿ ತಂದವಳೂ ಹಲ್ಲಕ್ಕನೇ. ಆ ದೇಶಕ್ಕೆ ಕಡಿಮೆ ಬಿದ್ದಿರುವ ಕಸುಬುಗಳಲ್ಲಿ ತನ್ನ ಕಸುಬೂ ಇದೆ ಎಂದು ತಿಳಿದ ದಿನ ಅವಳು ಲ್ಯಾಬಿನಲ್ಲಿ ಹಾಡಿಕೊಂಡು ಓಡಾಡಿದ್ದಳು. ಓರಗಿತ್ತಿಯರಿಬ್ಬರೂ ಒಟ್ಟಿಗೇ ಅರ್ಜಿ ಹಾಕಿದರು. ಇಂಗ್ಲಿಷ್ ಪರೀಕ್ಷೆಗೆಂದು ಅಡುಗೆಮನೆಯಲ್ಲಿ ಫೋನು ಹಚ್ಚಿಟ್ಟು, ಅದು ಹೇಳಿದ್ದನ್ನೇ ಹೇಳುತ್ತ ಪಾತ್ರೆ ತೊಳೆದರು. ಹಲ್ಲಕ್ಕನ ಗಂಡ ಒಳಗಿನಿಂದ, "ಒಂದು ಕಾಫಿ ಸಿಗುತ್ತಾ, ಅದನ್ನೂ ಇಂಗ್ಲಿಷಲ್ಲೇ ಕೇಳ್ಬೇಕಾ?" ಎಂದು ಕೂಗುತ್ತಿದ್ದ.

ಹಲ್ಲಕ್ಕನ ಅರ್ಜಿ ವಾಪಸು ಬಂತು. ಕೈ ಕೆಟ್ಟದ್ದೆಂದಲ್ಲ. ಕೈಯನ್ನು ಯಾರೂ ನೋಡಲೇ ಇಲ್ಲ. ವಯಸ್ಸು ದಾಟಿತ್ತು. ಚಿಕ್ಕವಳ ಅರ್ಜಿ ಮುಂದಕ್ಕೆ ಹೋಯಿತು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳಿಗೆ ಬಾಯಿ ಬಂತು. ಹಲ್ಲಕ್ಕ ಮುಚ್ಚಳವನ್ನು ಮೆಲ್ಲಗೆ ಇಟ್ಟದ್ದೇ ಇಲ್ಲ. ಚಿಕ್ಕವಳು ಫೋನಿಗೆ ಇಂಗ್ಲಿಷ್ ಹಚ್ಚಿದರೆ ಇವಳು ಮಿಕ್ಸಿ ಹಚ್ಚುತ್ತಿದ್ದಳು. ಚಿಕ್ಕವಳು ದಪ್ಪ ಕೋಟು ಕೊಂಡು ತಂದು ಹಾಕಿ ತೋರಿಸಿದಾಗ, "ಚೆನ್ನಾಗಿದೆ. ಒಳಗೆ ಯಾರಾದ್ರೂ ಇದೀರಾ?" ಎಂದು ಕೇಳಿದಳು. ಮೈದುನ ನಕ್ಕ. ಚಿಕ್ಕವಳು ಕೋಟು ಬಿಚ್ಚಿ ಸುಮ್ಮನೆ ಮಡಿಸಿಟ್ಟಳು. ಅಂದು ರಾತ್ರಿ ಹಲ್ಲಕ್ಕನಿಗೆ ಊಟ ಸೇರಲಿಲ್ಲ. ಆ ಕೋಟು ತನಗೂ ಸರಿಯಾಗಿ ಆಗುತ್ತಿತ್ತು ಎಂಬುದನ್ನು ಅವಳು ಕಣ್ಣಳತೆಯಲ್ಲೇ ನೋಡಿಕೊಂಡಿದ್ದಳು.

ಅಲ್ಲಿ ಕೆಲಸ ಮಾಡುವ ಪರ್ಮಿಟ್ಟಿಗೆ ಉಳಿದದ್ದು ಒಂದೇ ಮೆಟ್ಟಿಲು. ಆ ದೇಶದ ಕಸುಬು ನೋಡುವ ಕಚೇರಿಯವರು ವಿಡಿಯೋದಲ್ಲಿ ಬರುತ್ತಾರೆ, ಚಿಕ್ಕವಳು ಕೆಲಸ ಮಾಡುವುದನ್ನು ನೋಡುತ್ತಾರೆ, ಅವಳಿಗೆ ಕಲಿಸಿದವರನ್ನು ಒಂದೆರಡು ಪ್ರಶ್ನೆ ಕೇಳುತ್ತಾರೆ. ಕಲಿಸಿದವಳು ಹಲ್ಲಕ್ಕ. ಅವಳು ಬೇಡವೆಂದರೆ ಬೇಡ.

"ಇವಳ ಕೈಲಿ ಎಲ್ಲ ಕೆಲಸಾನೂ ಆಗುತ್ತೆ ಅಂತ ಅಂದ್ಬಿಡಮ್ಮಾ, ಸಾಕು" ಎಂದು ಡಾಕ್ಟರು ಹಿಂದಿನ ದಿನವೇ ಹೇಳಿದ್ದರು.

"ನಾನು ನಮ್ಮ ಭಾಷೇಲೇ ಹೇಳ್ತೀನಿ. ನೀವು ಇಂಗ್ಲಿಷಲ್ಲಿ ಹೇಳಿ" ಎಂದಳು ಹಲ್ಲಕ್ಕ. ಹೊರದೇಶವೇ ಇಲ್ಲವೆಂದ ಮೇಲೆ ಅವಳು ಇಂಗ್ಲಿಷಿನ ಮೇಲೂ ಮುನಿಸಿಕೊಂಡಿದ್ದಳು.

ಲ್ಯಾಬಿನ ಮೇಜಿನ ಮೇಲೇ ಕಂಪ್ಯೂಟರ್ ಇಟ್ಟರು. ತೆರೆಯ ಮೇಲೆ ಇಬ್ಬರು, ಒಬ್ಬ ಕನ್ನಡಕದವ, ಒಬ್ಬ ಹೆಂಗಸು. ಚಿಕ್ಕವಳು ಮೇಣ ಕಾಯಿಸಿದಳು, ಹಲ್ಲು ಕೂರಿಸಿದಳು. ಕೈ ನಡುಗಲಿಲ್ಲ. ಆ ನಡುಗದ ಕೈಯನ್ನು ನೋಡುತ್ತ ಹಲ್ಲಕ್ಕ ಹಲ್ಲು ಕಚ್ಚಿ ಕೂತಿದ್ದಳು. ಚಾಕು ಹಿಡಿಯುವ ರೀತಿ ತನ್ನದು, ಮೇಣವನ್ನು ಊದಿ ನೋಡುವುದು ತನ್ನದು, ಬೆರಳನ್ನು ಒರೆಸಿಕೊಳ್ಳುವುದು ಕೂಡ ತನ್ನದೇ. ಅಷ್ಟನ್ನೂ ಕೋಟಿನ ಜೇಬಿನಲ್ಲಿ ಹಾಕಿಕೊಂಡು ಇವಳು ಹೊರಟಿದ್ದಾಳೆ.

ತೆರೆಯ ಮೇಲಿನ ಹೆಂಗಸು ಕೇಳಿದಳು, ನೀವಿಲ್ಲದೆ ಇವರ ಕೈಯಲ್ಲಿ ಆಗದ ಕೆಲಸ ಏನಾದರೂ ಇದೆಯೇ?

"ಇದೆ" ಎಂದಳು ಹಲ್ಲಕ್ಕ.

ಚಿಕ್ಕವಳ ಚಾಕು ನಿಂತಿತು. ಮೂಲೆಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದವಳ ಕೈಯೂ ನಿಂತಿತು. ಡಾಕ್ಟರು ತೆರೆಯ ಕಡೆಗೆ ನಗುಮುಖ ಇಟ್ಟುಕೊಂಡೇ, "ಏನಮ್ಮಾ ಇದು?" ಎಂದು ತುಟಿಯಂಚಿನಲ್ಲಿ ಗೊಣಗಿದರು.

"ಕೇಳಿದ್ದಕ್ಕೆ ಹೇಳ್ತಿದೀನಿ ಡಾಕ್ಟ್ರೇ. ಅವಳಿಗೆ ಕೊಂಕು ಬರಲ್ಲ. ಅದೊಂದನ್ನ ನಾನೇ ಮಾಡ್ಬೇಕು."

ಸುಳ್ಳಲ್ಲ. ಅದೇ ಅವಳಿಗೆ ಸಿಕ್ಕಿದ್ದ ಒಳ್ಳೆಯ ಹತಾರ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದಳು ಎಂದು ನಾಳೆ ಯಾರೂ ಅನ್ನುವಂತಿರಲಿಲ್ಲ.

ಆದರೆ ಮೇಜಿನ ಮೇಲಿನ ಕಸುಬಿನ ಮಾತುಗಳು ಮೆಟ್ಟಿಲಿಳಿದು ಕ್ಲಿನಿಕ್ಕಿಗೆ ಹೋದದ್ದೇ ಇರಲಿಲ್ಲ. ಡಾಕ್ಟರಿಗೆ ಗೊತ್ತಿದ್ದ ಕೊಂಕು ಒಂದೇ, ಮಹಡಿಯಿಂದ ದಿನವೂ ಅವರ ಕಿವಿಗೆ ಬೀಳುತ್ತಿದ್ದದ್ದು. ಒಂದು ಕ್ಷಣ ಯೋಚಿಸಿ ಅವರು ಅದನ್ನೇ ಇಂಗ್ಲಿಷಿಗೆ ತಿರುಗಿಸಿದರು: ಬಂದವರನ್ನು ಮಾತಿನಲ್ಲಿ ಚುಚ್ಚಿ ಗೇಲಿ ಮಾಡುವುದು ಈ ಹುಡುಗಿಗೆ ಬರುವುದಿಲ್ಲವಂತೆ, ಆ ಕೆಲಸವನ್ನು ಈ ಅಕ್ಕನೇ ಮಾಡಬೇಕಂತೆ.

ತೆರೆಯ ಮೇಲಿನ ಇಬ್ಬರೂ ನಕ್ಕರು. ಕನ್ನಡಕದವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅದು ಬರದಿದ್ದರೂ ನಡೆಯುತ್ತದೆ, ನಮ್ಮಲ್ಲಿ ಅಂಥವರು ಸಾಕಷ್ಟಿದ್ದಾರೆ ಎಂದಳು ಹೆಂಗಸು.

ಹಲ್ಲಕ್ಕನಿಗೆ ಎಲ್ಲವೂ ಅರ್ಥವಾಯಿತು. ಪಾತ್ರೆ ತೊಳೆಯುತ್ತ ಕಲಿತ ಇಂಗ್ಲಿಷು ದಂಡವಾಗಿರಲಿಲ್ಲ. ಆ ಕೊಂಕಲ್ಲ, ಹಲ್ಲಿನ ಕೊಂಕು ಎಂದು ತಿದ್ದಲು ಒಂದು ವಾಕ್ಯ ಸಾಕಿತ್ತು, ವಾಕ್ಯ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವರು ಬಿಡುವವರಲ್ಲ. ಅದೇನು, ಹೇಗೆ ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ಎದುರಿಗೆ ಚಿಕ್ಕವಳು ಚಾಕು ಹಿಡಿದು, ಮೈಯೆಲ್ಲ ಕಿವಿಯಾಗಿ ಕೂತಿದ್ದಾಳೆ. ಅವಳ ಪ್ರಯಾಣ ತಪ್ಪಿಸಬೇಕಾದರೆ ಕೊಂಕನ್ನು ಬಿಚ್ಚಿ ಹೇಳಬೇಕು. ಬಿಚ್ಚಿ ಹೇಳಿದರೆ ಕೊಂಕನ್ನೂ ಇವಳ ಕೈಗೆ ಕೊಟ್ಟಂತೆ. ಇವತ್ತಲ್ಲದಿದ್ದರೆ ಮುಂದಿನ ವರ್ಷ ಅದನ್ನೂ ಎತ್ತಿಕೊಂಡು ಹೋಗುತ್ತಾಳೆ.

ಹಲ್ಲಕ್ಕ ತುಟಿಪಿಟಕ್ಕೆನ್ನಲಿಲ್ಲ.

ಪರ್ಮಿಟ್ಟು ಬಂತು. ಡಾಕ್ಟರು ಎಲ್ಲರಿಗೂ ಐಸ್‌ಕ್ರೀಮ್ ತರಿಸಿ, "ನಿನ್ನ ಓರಗಿತ್ತಿಯ ಜೋಕಿನಿಂದಲೇ ನಿನಗೆ ಕೆಲಸ ಆಯ್ತು ನೋಡು" ಎಂದು ಚಿಕ್ಕವಳ ಬೆನ್ನು ತಟ್ಟಿದರು. ಅದು ಜೋಕಲ್ಲ ಎಂದು ಆ ಕೋಣೆಯಲ್ಲಿ ಮೇಣ ಮುಟ್ಟಿದ ಎಲ್ಲರಿಗೂ ಗೊತ್ತಿತ್ತು. ಹೊರಡುವ ದಿನ ಚಿಕ್ಕವಳು ಬಾಗಿಲಲ್ಲಿ ನಿಂತು, "ಅಕ್ಕಾ, ಬರ್ತೀನಿ" ಎಂದಳು. "ಕೋಟು ಮರೀಬೇಡ" ಎಂದು ಹಲ್ಲಕ್ಕ ಒಳಗೆ ಹೋದಳು.

ಅಲ್ಲಿಂದ ಫೋಟೋಗಳು ಬರತೊಡಗಿದವು. ಹಲ್ಲಕ್ಕ ಅವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು, ಚಿಕ್ಕವಳ ಮುಖವನ್ನಲ್ಲ, ಅವಳ ಮೇಜನ್ನು. "ದೀಪ ಬಲಗಡೆ ಇಟ್ಕೊಂಡಿದಾಳೆ, ನೆರಳು ಬೀಳಲ್ವಾ? ಕುರ್ಚಿ ನೋಡು, ಮಹಾರಾಣಿ ಥರ! ಎದೆ ಮೇಲೆ ಹೆಸರು ಬೇರೆ ಹೊಲಿಸಿದಾರೆ, ಕಳೆದುಹೋಗ್ತಾಳೆ ಅಂತಾನಾ?" ಪ್ಲಾಸ್ಟರ್ ಕಲಸುವವಳು ದಿನವೂ ಇದನ್ನೆಲ್ಲ ಕೇಳಿಸಿಕೊಳ್ಳಬೇಕಿತ್ತು. ಒಂದು ದಿನ ಫೋಟೋ ಬರದಿದ್ದರೆ ಹಲ್ಲಕ್ಕ ಫೋನನ್ನು ಕೈಗೆ ಕೊಟ್ಟು, "ನೆಟ್ ಇದೆಯಾ ನೋಡೇ" ಎನ್ನುತ್ತಿದ್ದಳು.

ಒಂದು ಫೋಟೋದಲ್ಲಿ ಮಾತ್ರ ಅವಳ ಬೆರಳು ನಿಂತುಬಿಟ್ಟಿತು. ಮೇಜಿನ ಮೂಲೆಯಲ್ಲಿ ಮೇಣದಲ್ಲಿದ್ದ ಒಂದು ಸೆಟ್ಟು, ಅದರಲ್ಲಿ ಮುಂದಿನ ಒಂದು ಹಲ್ಲು ಇಷ್ಟೇ ಇಷ್ಟು ತಿರುಗಿತ್ತು. ಹಲ್ಲಕ್ಕನ ಮುಖ ಬಿಳಿಚಿತು. "ಕದ್ದಿದಾಳೆ" ಎಂದು ಆಗಲೇ ಫೋನು ಹಚ್ಚಿದಳು.

"ಆ ಸೆಟ್ ಯಾರದೇ?"

"ಯಾವುದು ಅಕ್ಕಾ? ಓ, ಅದಾ. ಒಬ್ಬರು ಅಜ್ಜೀದು. ನಕ್ಕಾಗ ಎಡಗಡೆ ತುಟಿ ಸ್ವಲ್ಪ ಮೇಲೆ ಹೋಗುತ್ತೆ, ಅದಕ್ಕೆ ಆ ಕಡೆ ಹಲ್ಲು..."

"ಯಾರು ಹೇಳ್ಕೊಟ್ರು ನಿನಗೆ?"

"ಯಾರೂ ಇಲ್ಲ. ನೀವು ಬಂದೋರಿಗೆಲ್ಲ ಕೊಂಕು ಮಾತಾಡಿ ನಗಿಸ್ತಿದ್ರಲ್ಲ, ಅದು ತುಟಿ ನೋಡೋಕೆ ಅಂತ ಇಲ್ಲಿಗೆ ಬಂದ್ಮೇಲೆ ಹೊಳೀತು. ಆವತ್ತು ಡಾಕ್ಟ್ರು ಹೇಳಿದ್ದು ತಪ್ಪೇ ಅಲ್ಲ ಅಕ್ಕಾ. ಎರಡೂ ಒಂದೇ ಕೊಂಕು." ಸ್ವಲ್ಪ ತಡೆದು, "ನೀವೂ ನಿಜಾನೇ ಹೇಳಿದ್ರಿ. ಆಗ ನನಗೆ ಬರ್ತಿರಲಿಲ್ಲ" ಎಂದಳು.

ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಹಲ್ಲಕ್ಕ ತಾನೇ ದಿನಾ ಎಲ್ಲರೆದುರು ಬಾಯಿಬಿಟ್ಟು ಹೇಳುತ್ತಿದ್ದಳಲ್ಲ! ಕೊನೆಗೆ, "ಜಾಸ್ತಿ ತಿರುಗಿಸಿದೀಯ. ಪಾಪ, ಅಜ್ಜಿ ಜಗಳಗಂಟಿ ಥರ ಕಾಣ್ತಾಳೆ. ಕಡಿಮೆ ಮಾಡು" ಎಂದು ಫೋನು ಇಟ್ಟಳು. ಸಂಜೆ ಕೈ ತೊಳೆಯುವಾಗ, "ಆ ಅಜ್ಜಿಯನ್ನ ಇಂಗ್ಲಿಷಲ್ಲಿ ಹೇಗೆ ನಗಿಸಿದ್ಲೋ ಮಾರಾಯ್ತಿ" ಎಂದಳು. ಅದರಲ್ಲೂ ಹೊಟ್ಟೆಕಿಚ್ಚೇ ಇತ್ತು.

ಹಲ್ಲಕ್ಕ ತೀರಿಕೊಂಡಾಗ ಮೇಜಿನ ಮೇಲೆ ಉಳಿದದ್ದು ಗಲ್ಲಿಯ ದರ್ಜಿಯ ಸೆಟ್ಟು. ಎಲ್ಲ ಹಲ್ಲೂ ಕೂತಿತ್ತು, ಕೊಂಕೊಂದು ಬಾಕಿ. ನಿನ್ನೆ ದರ್ಜಿ ಬಂದು ಕೂತ. ಮೇಣದ ಸೆಟ್ಟನ್ನು ಬಾಯಿಗಿಟ್ಟುಕೊಂಡು ಹಲ್ಲಕ್ಕನ ಖಾಲಿ ಸ್ಟೂಲನ್ನೇ ನೋಡುತ್ತಿದ್ದ. ಪ್ಲಾಸ್ಟರ್ ಕಲಸುವವಳು ಅವನನ್ನು ನಗಿಸಲೆಂದು ಬಾಯಿ ತೆರೆದಳು. ಏನೂ ಬರಲಿಲ್ಲ. ಇಬ್ಬರ ಕಣ್ಣಲ್ಲೂ ನೀರು ಬಂತು. ಅವಳು ಚಿಕ್ಕವಳಿಗೆ ವಿಡಿಯೋ ಹಚ್ಚಿ, ಫೋನನ್ನು ಡಬ್ಬಕ್ಕೆ ಒರಗಿಸಿಟ್ಟಳು. ಚಿಕ್ಕವಳ ಕಣ್ಣೂ ಊದಿಕೊಂಡಿತ್ತು. ಮೂಗು ಒರೆಸಿಕೊಂಡು ಅವಳು ದರ್ಜಿಯನ್ನು ದಿಟ್ಟಿಸಿದಳು.

"ಏನ್ ಯಜಮಾನ್ರೇ, ನಮ್ಮೆಜಮಾನ್ರ ಪ್ಯಾಂಟ್ ಮೊಣಕಾಲಿಗೆ ತಂದೋರು ನೀವೇ ತಾನೇ? ಇನ್ನು ಹಲ್ಲು ಬೇರೆ ಬಂದ್ರೆ ಬಟ್ಟೇನೇ ತಿಂದ್ಬಿಡ್ತೀರೇನೋ!"

ದರ್ಜಿ ತಡೆಯಲಾರದೆ ನಕ್ಕ. ಬಲಗಡೆಯ ತುಟಿ ಮೇಲೆ ಹೋಯಿತು.

"ಬಲಗಡೇದು, ಇಷ್ಟೇ ಇಷ್ಟು" ಎಂದಳು ಚಿಕ್ಕವಳು. ಪ್ಲಾಸ್ಟರಿನವಳು ಸೆಟ್ಟನ್ನು ಕೈಗೆ ತೆಗೆದುಕೊಂಡು, ಚಾಕುವಿನ ತುದಿಯನ್ನು ದೀಪಕ್ಕೆ ಹಿಡಿದು, ಹಲ್ಲಿಗೆ ತಾಗಿಸಿದಳು.

"ನಿಲ್ಲು, ನಿಲ್ಲು, ಜಾಸ್ತಿ ಆಯ್ತು" ಎಂದು ತೆರೆಯ ಮೇಲಿನಿಂದ ಚಿಕ್ಕವಳು ಮುಖ ಗಂಟಿಕ್ಕಿದಳು. "ಅಕ್ಕ ಈ ಕೊಂಕನ್ನ ನಿನ್ನ ಕೈಗೆ ಕೊಟ್ಟಿದ್ರಾ ಯಾವತ್ತಾದ್ರೂ?"

"ಇಲ್ಲ" ಎಂದಳು ಪ್ಲಾಸ್ಟರಿನವಳು.

"ನನಗೂ ಕೊಡ್ಲಿಲ್ಲ" ಎಂದಳು ಚಿಕ್ಕವಳು. "ಸರಿ, ಸ್ವಲ್ಪ ಹಿಂದಕ್ಕೆ ತಿರುಗಿಸು."