ಸಾಂಬಾರಿನ ಹಲ್ಲಿ ಮತ್ತು ನಾನು ಬರೆದ ಒಂದು ಸಾಲು

ಕೋವಿಡ್ ಮುಗಿದು ಶಾಲೆಗಳಲ್ಲಿ ಮತ್ತೆ ಬಿಸಿಯೂಟ ಶುರುವಾದ ವರ್ಷ. ಬನಹಟ್ಟಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ, ಊರವರ ಬಾಯಲ್ಲಿ ಡಾಕ್ಟರ್ ಬಾಯಾರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ.

ಒಂದು ಮಧ್ಯಾಹ್ನ ಊರ ಶಾಲೆಯ ಹತ್ತೊಂಬತ್ತು ಮಕ್ಕಳನ್ನು ಆಟೋಗಳಲ್ಲಿ ತಂದು ಇಳಿಸಿದರು. ಸಾಂಬಾರಿನ ಪಾತ್ರೆಯ ತಳದಲ್ಲಿ ಬೆಂದ ಹಲ್ಲಿ ಸಿಕ್ಕಿತ್ತು. ಅದನ್ನು ಕಂಡು ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡಿದ್ದಳು, ಅವಳನ್ನು ಕಂಡು ಉಳಿದವರು. ಎಲ್ಲರ ನಾಡಿ, ರಕ್ತದೊತ್ತಡ ಸರಿಯಿತ್ತು. ಓಆರ್‌ಎಸ್ ಕುಡಿಸಿ ಮಲಗಿಸಿದೆವು.

ನಮ್ಮ ಮನೆಗಳ ಹಲ್ಲಿಗೆ ವಿಷವಿಲ್ಲ. ದೂರದ ದೇಶಗಳಲ್ಲಿ ಸಾಲಮಾಂಡರ್ ಎಂಬ ಜೀವಿಯಿದೆ. ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಳಗದ್ದು, ಅದರ ಕೆಲವು ಜಾತಿಗಳ ಚರ್ಮ ವಿಷ ಒಸರುತ್ತದೆ, ಹಲ್ಲಿಯದಲ್ಲ. ಹಲ್ಲಿಯಿಂದ ಬರಬಹುದಾದದ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಮಾತ್ರ, ಚೆನ್ನಾಗಿ ಕುದಿದ ಸಾಂಬಾರಿನಲ್ಲಿ ಅದೂ ಸಾಯುತ್ತದೆ. ಆದರೆ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಖರೆ, ಆಡಿದ ಮಾತು ನಿಜವೇ ಎಂದು ನೆಲಕ್ಕೆ ಬೆರಳು ಬಡಿಯುವ ಜನರೇ, ಅದು ಅನ್ನದಲ್ಲಿ ಬಿದ್ದರೆ ಸಾವೇ ಬಂತೆಂದು ನಡುಗುತ್ತಾರೆ.

ಅಡುಗೆಯ ಶಾಂತವ್ವ ಮಕ್ಕಳ ಹಿಂದೆಯೇ ಓಡಿ ಬಂದಿದ್ದಳು. ನೇಕಾರರ ಮನೆಯ ವಿಧವೆ. ಹನ್ನೊಂದು ವರ್ಷದಿಂದ ಆ ಶಾಲೆಯಲ್ಲಿ ಉಣಬಡಿಸಿದವಳು. ಪಾಲಕರು ಬೈಯತೊಡಗಿದಾಗ, ಶಾಲೆಯವರು ತಪಾಸಣೆಗೆ ತಂದಿದ್ದು, ಲ್ಯಾಬಿಗೆ ಮಾದರಿ ತೆಗೆದ ಮೇಲೆ ಉಳಿದಿದ್ದ ಸಾಂಬಾರನ್ನು ಬಟ್ಟಲಿಗೆ ಸುರಿದುಕೊಂಡು ಕುಡಿದುಬಿಟ್ಟಳು.

“ವಿಷ ಇದ್ರ ಮೊದಲ ನಾನ ಸಾಯ್ತೀನಿ, ನೋಡ್ರಿ,” ಎಂದಳು.

ಸಂಜೆಯವರೆಗೆ ನನ್ನೆದುರಿನ ಬೆಂಚಿನ ಮೇಲೆ ಕುಳಿತಿದ್ದಳು. ಏನೂ ಆಗಲಿಲ್ಲ.

ಹೊರಗೆ ಜನ ಸೇರಿದ್ದರು. ಮೇಲಿನವರಿಂದ ಫೋನಿನ ಮೇಲೆ ಫೋನು. ವರದಿಯಲ್ಲಿ ಭಯದಿಂದಾದ ವಾಂತಿ ಎಂದು ಬರೆಯುವ ಧೈರ್ಯ ನನಗಾಗಲಿಲ್ಲ. ಒಂದು ಮಗುವಿಗೆ ಏನಾದರೂ ಆಗಿಬಿಟ್ಟರೆ? ‘ಹಲ್ಲಿ ವಿಷದ ಶಂಕೆ’ ಎಂದು ಬರೆದು ಸಹಿ ಹಾಕಿದೆ. ಮಕ್ಕಳೆಲ್ಲ ಅಂದೇ ಮನೆಗೆ ನಡೆದುಕೊಂಡು ಹೋದರು. ಮರುದಿನ ನನ್ನ ಸಾಲು ಪೇಪರಿನಲ್ಲಿತ್ತು. ಆ ವಾರವೇ ಶಾಂತವ್ವನನ್ನು ಕೆಲಸದಿಂದ ತೆಗೆದರು.

ಲ್ಯಾಬ್ ವರದಿ ಬರಲು ಐದು ವಾರ ಹಿಡಿಯಿತು. ವಿಷವಿಲ್ಲ, ಬ್ಯಾಕ್ಟೀರಿಯಾ ಇಲ್ಲ. ತಿದ್ದಿದ ವರದಿ ಕಳಿಸಿದೆ, ಅಷ್ಟರಲ್ಲಿ ಅಡುಗೆಗೆ ಬೇರೆಯವಳು ಸೇರಿಯಾಗಿತ್ತು. ಅದರ ಒಂದು ಪ್ರತಿ ಹಿಡಿದು ಶಾಂತವ್ವನ ಮನೆ ಹುಡುಕಿದೆ. ಕಿರಾಣಿ ಅಂಗಡಿಯವನು, ಹಲ್ಲಿ ಶಾಂತವ್ವನ ಮನಿ ಏನ್ರಿ ಎಂದು ಕೇಳಿ ದಾರಿ ತೋರಿಸಿದ.

ಪಡಸಾಲೆಯಲ್ಲಿ ಬಾಣಂತಿಯ ಉಂಡೆಗೆಂದು ತಂದ ಅಂಟು, ಅಳವಿ ಬೀಜ, ಒಣ ಕೊಬ್ಬರಿ ಮೊರದ ತುಂಬ ಹಾಗೇ ಇದ್ದವು.

“ಮಗಳು ಹಡದಾಳ್ರಿ. ಬಾಣಂತನಕ್ಕ ಕಳಸಾಂಗಿಲ್ಲ ಅಂದ್ರು ಬೀಗರು. ನನ್ನ ಕೈಯಾಗಿನ ಅನ್ನ ಬ್ಯಾಡಂತ.”

ನಾನು ವರದಿ ಓದಿ ಹೇಳಿದೆ. ಅವಳು ಕಾಗದ ಮುಟ್ಟಲಿಲ್ಲ.

“ಇದು ನನಗ ಅವತ್ತ ಗೊತ್ತಿತ್ರಿ ಬಾಯಾರ. ನಿಮಗೂ ಗೊತ್ತಿತ್ತು.”

ನಾನು ಕಾಗದ ಮಡಿಸಿ, ಬೀಗರ ಊರು ಯಾವುದೆಂದು ಕೇಳಿದೆ.

ಮುಂದಿನ ಭಾನುವಾರ ಮುಧೋಳಕ್ಕೆ, ಶಾಂತವ್ವನ ಮಗಳ ಗಂಡನ ಮನೆಗೆ ಹೋದೆ. ಅತ್ತೆ ಮರ್ಯಾದೆಯಿಂದ ಚಾ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು.

“ಅವತ್ತ ನೀವ ವಿಷ ಅಂತ ಬರದ್ರಿ. ಈಗ ನೀವ ಇಲ್ಲ ಅನ್ನಾಕತ್ತೀರಿ. ಯಾವುದನ್ನ ನಂಬೂಣ್ರಿ ನಾವು?”

ಒಳಗಿನ ಕೋಣೆಯಲ್ಲಿ ಬಾಣಂತಿ ಅಳುತ್ತಿದ್ದಳು. ನಾನು ಎದ್ದು ಬಂದೆ.

ಶಂಕೆ ಎಂದು ಬರೆದರೆ ಹೊಣೆ ಯಾರ ಮೇಲೂ ಬೀಳುವುದಿಲ್ಲ ಎಂದುಕೊಂಡಿದ್ದೆ. ನನ್ನ ಮೇಲೆ ಬೀಳಲಿಲ್ಲ, ಅಷ್ಟೆ. ಆಮೇಲಿನ ಎರಡು ವರ್ಷ, ಹೊರಗೆ ಎಷ್ಟೇ ಜನ ನಿಂತಿರಲಿ, ಗೊತ್ತಿದ್ದುದನ್ನು ಮಾತ್ರ ಬರೆದೆ. ಈ ಕಲಿಕೆಯಿಂದ ಶಾಂತವ್ವನಿಗೆ ಏನೂ ಸಿಗಲಿಲ್ಲ. ಅವಳು ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಆ ಮಗು ನಡೆಯಲು ಕಲಿತಾಗಿತ್ತು. ಗುರುತಿಲ್ಲದ ಅಜ್ಜಿಯ ತೋಳಿನಿಂದ ಕೊಸರಿಕೊಂಡು ಕೆಳಗಿಳಿಯಿತಂತೆ.