ಗುಳ್ಳೆ ಹಿಡಿಯುವ ಕಣ್ಣು

ಗಾಜು ಊದುವ ಯಜಮಾನರು ತಾವು ಮಾಡಿದ ಪ್ರತಿ ಲೋಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಸೊಸೆಯ ಕೆಲಸ ನೋಡುವ ಅತ್ತೆಯಂತೆ ಮೂರು ಸುತ್ತು ತಿರುಗಿಸುತ್ತಾರೆ. ಮೊದಲೆಲ್ಲ ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ನೆಲಕ್ಕೆ ಅಪ್ಪಳಿಸುತ್ತಿದ್ದರು. "ನೀರು ಕುಡಿಯೋರು ಗುಳ್ಳೆ ಎಣಿಸ್ತಾರೇನಪ್ಪಾ?" ಎಂದು ಮಗಳು ರೇಗಿಸಿದರೆ, "ಅವರು ಎಣಿಸಲ್ಲ ಅಂತಲೇ ನಾನು ಎಣಿಸೋದು ಕಣಮ್ಮ" ಎನ್ನುತ್ತಿದ್ದರು. ಹೋದ ವರ್ಷದಿಂದ ಅವರು ಒಂದನ್ನೂ ಒಡೆದಿಲ್ಲ. "ಅರವತ್ತೆಂಟಕ್ಕೆ ಕೈ ಪಳಗಿತು ನೋಡು!" ಎಂದು ಬೀಗುತ್ತಾರೆ. ಮಗಳು "ಹೌದಪ್ಪಾ" ಎನ್ನುತ್ತಾಳೆ. ಕುಲುಮೆಯ ಬೆಂಕಿಗೆ ಅವರ ಕಣ್ಣು ಮಂಜಾಗಿದೆ, ಇನ್ನು ಸರಿಹೋಗದೆಂದು ಮಗಳೊಬ್ಬಳಿಗೇ ಹೇಳಿ ಡಾಕ್ಟರು ಕೈಚೆಲ್ಲಿದ್ದಾರೆ. ಅವರು ಊಟಕ್ಕೆ ಎದ್ದುಹೋದ ಮೇಲೆ ಅವಳು ಲೋಟಗಳನ್ನು ಮತ್ತೆ ಬೆಳಕಿಗೆ ಹಿಡಿದು ನೋಡುತ್ತಾಳೆ. ಗುಳ್ಳೆಯಿರುವುದನ್ನು ದಪ್ಪ ಗೋಣಿಯಲ್ಲಿ ಸುತ್ತಿ, ಊಟದ ಮನೆಗೆ ಸದ್ದು ಕೇಳದಂತೆ ಒಡೆಯುತ್ತಾಳೆ. ಕೆಲವು ದಿನ ಅಂಗಡಿಗೆ ಕಳಿಸಲು ಒಂದು ಲೋಟವೂ ಉಳಿಯುವುದಿಲ್ಲ.